ಮಗಳನ್ನ ಎಲ್ಲಿ ಹಾಕ್ತೀರಿ?

ಜೂನ್ ಬಂತೆಂದರೆ ನಮ್ಮ ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಯಾರೂ ಯಾರನ್ನೂ ‘ಊಟ ಆಯ್ತಾ?’ ಅಂತ ಕೇಳುವುದಿಲ್ಲ. ‘ಎಷ್ಟು ಬಂತು?’ ಅಂತ ಕೇಳುತ್ತಾರೆ. ಏನು ಬಂತು, ಯಾರಿಗೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾಲಿನವನು ಕೇಳಿದರೂ ಅದೇ ಅರ್ಥ, ಗುಡಿಯಲ್ಲಿ ಮಂಗಳಾರತಿ ತಟ್ಟೆ ಹಿಡಿದ ಪೂಜಾರಿ ಕೇಳಿದರೂ ಅದೇ ಅರ್ಥ. (ಪೂಜಾರಿಯ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಅನುಮಾನ.) ಮೆಡಿಕಲ್ ಸೀಟಿನ ನೀಟ್ ಪರೀಕ್ಷೆಯಲ್ಲಿ 720ಕ್ಕೆ ಎಷ್ಟು, ಅಷ್ಟೇ.

ತಮಾಷೆ ಏನೆಂದರೆ, ಉತ್ತರ ಹೇಳಿದರೂ ಕೇಳಿದವನಿಗೆ ಏನೂ ತಿಳಿಯುವುದಿಲ್ಲ. 2024ರಲ್ಲಿ 67 ಮಂದಿಗೆ 720ಕ್ಕೆ 720 ಬಂತು. ಲೋಕಸಭೆಯ ಮತ ಎಣಿಸಿದ ಜೂನ್ 4ರಂದೇ ನೀಟ್ ಫಲಿತಾಂಶವೂ ಬಿದ್ದದ್ದರಿಂದ, ಬೆಳಗ್ಗೆಯಿಂದ ಟಿ.ವಿ. ಬಿಟ್ಟು ಕದಲದಿದ್ದ ನಮ್ಮ ಬೀದಿಯ ಹಿರಿಯರೊಬ್ಬರು ಮೊಮ್ಮಗನನ್ನು ‘ಎಷ್ಟು ಲೀಡು?’ ಅಂತಲೇ ಕೇಳಿದರು. ಆಮೇಲೆ ಕೃಪಾಂಕದ ಗಲಾಟೆ, ಮರುಪರೀಕ್ಷೆ, ಸುಪ್ರೀಂ ಕೋರ್ಟು ಎಲ್ಲ ಆಗಿ ಆ 67 ಇಳಿದು 17ಕ್ಕೆ ಬಂದು ನಿಂತಿತು. ಮರುವರ್ಷ ಭೌತಶಾಸ್ತ್ರದ ಪ್ರಶ್ನೆಗಳು ಮಕ್ಕಳನ್ನು ಹಿಂಡಿ ಹಿಪ್ಪೆ ಮಾಡಿ, ದೇಶಕ್ಕೇ ಮೊದಲು ಬಂದವನ ಅಂಕ 686ಕ್ಕೆ ನಿಂತಿತು. ಒಂದು ವರ್ಷ ‘ಅಯ್ಯೋ ಪಾಪ’ ಅನ್ನಿಸಿಕೊಂಡ ಅಂಕ ಇನ್ನೊಂದು ವರ್ಷ ಹಾರ ಹಾಕಿಸಿಕೊಳ್ಳುತ್ತದೆ. ಅದಕ್ಕೇ ಜಾಣರು ಅಂಕ ಕೇಳುವುದಿಲ್ಲ, ರ್ಯಾಂಕು ಕೇಳುತ್ತಾರೆ. ಇನ್ನೂ ಜಾಣರು ರ್ಯಾಂಕನ್ನೂ ಬಿಟ್ಟು, ನೇರವಾಗಿ ‘ಮಗಳನ್ನ ಎಲ್ಲಿ ಹಾಕ್ತೀರಿ?’ ಅನ್ನುತ್ತಾರೆ. ನೀಟ್‌ನಲ್ಲಿ 180 ಪ್ರಶ್ನೆ. ಒಂದು ತಪ್ಪಿದರೆ ಒಂದು ಅಂಕ ಕಳೆಯುತ್ತಾರೆ. ಈ 181ನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ನೆಂಟಸ್ತಿಕೆಯೇ ಕಳೆಯುತ್ತದೆ.

ನಮ್ಮ ಪಕ್ಕದ ಮನೆಯ ಹುಡುಗಿಗೆ ಒಳ್ಳೆಯ ರ್ಯಾಂಕು ಬಂತು. ಒಳ್ಳೆಯದು ಅಂದರೆ ತೀರ ಒಳ್ಳೆಯದೂ ಅಲ್ಲ. ಫಜೀತಿ ಇರುವುದೇ ಅಲ್ಲಿ. ತೀರ ಒಳ್ಳೆಯದು ಬಂದವರಿಗೆ ಚಿಂತೆಯಿಲ್ಲ, ದಿಲ್ಲಿಯ ಏಮ್ಸೋ ಪುದುಚೇರಿಯ ಜಿಪ್ಮರೋ ಅಂತ ಪೆಟ್ಟಿಗೆ ಕಟ್ಟುತ್ತಾರೆ. ತೀರ ಕಡಿಮೆ ಬಂದವರಿಗೂ ಚಿಂತೆಯಿಲ್ಲ, ಬರುವ ವರ್ಷ ನೋಡಿಕೊಂಡರಾಯಿತು. ನಡುವೆ ಸಿಕ್ಕಿಕೊಂಡವರಿಗೆ ಮಾತ್ರ ಮನೆ ತುಂಬ ಸಲಹೆಗಾರರು.

ಹುಡುಗಿಯ ಅಪ್ಪ ಕರೆಂಟ್ ಆಫೀಸಿನಲ್ಲಿದ್ದಾರೆ, ಮಾತು ಕಡಿಮೆ. ಆ ಕೊರತೆ ತುಂಬಲು ಸಿರುಗುಪ್ಪದಿಂದ ದೊಡ್ಡಪ್ಪ ಬಂದರು. ಅವರಿಗೆ ತುಂಗಭದ್ರೆಯ ನೀರಿನ ಗದ್ದೆ, ಪಾಲಿನಲ್ಲೊಂದು ರೈಸ್ ಮಿಲ್ಲು. ಭತ್ತದ ಮೂಟೆಗೆ ಕೈ ಹಾಕಿ ತೇವ ಎಷ್ಟಿದೆ ಅಂತ ಹೇಳಬಲ್ಲ ತಾವು ಕಾಲೇಜಿನದೂ ಹೇಳಬಲ್ಲೆವೆಂದು ನಂಬಿದವರು. ಕುರುಗೋಡಿನಿಂದ ಸೋದರಮಾವ ಬಂದರು. ಒಂದು ಮಾತು ಆಡಿ ಕೂತರೆಂದರೆ ಅವರ ಊರಿನ ದೊಡ್ಡಬಸವೇಶ್ವರನೇ ಬೇಕಾದರೆ ಎದ್ದಾನು, ಇವರು ಅಲ್ಲಾಡುವುದಿಲ್ಲ. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ಮಂಡಕ್ಕಿ ಒಗ್ಗರಣೆಯ ಜೊತೆಗೆ ಮಿರ್ಚಿ ಕರಿಯುವ ವಾಸನೆ ಗೋಡೆ ದಾಟಿ ಬಂದರೆ ಬಳ್ಳಾರಿಯಲ್ಲಿ ಅದಕ್ಕಿಂತ ದೊಡ್ಡ ಕರೆಯೋಲೆ ಇಲ್ಲ.

ದೊಡ್ಡಪ್ಪ ಮೊದಲ ಮಿರ್ಚಿ ಮುರಿದು ಸಭೆ ಶುರು ಮಾಡಿದರು. “ಬೆಂಗ್ಳೂರು ಬಿಟ್ರ ಬ್ಯಾರೆ ಮಾತೇ ಇಲ್ಲ. ಊರಾಗ ಹೇಳ್ಕೊಳ್ಳಾಕ ಒಂದು ಗತ್ತು ಬೇಕಲ್ಲ?”

“ಬೆಂಗ್ಳೂರಾಗ ಏನೈತಿ ಅಣ್ಣಾರ? ಅರ್ಧ ಆಯುಷ್ಯ ಟ್ರಾಫಿಕ್ಕಿನಾಗ ಹೋಗ್ತೈತಿ. ಹುಬ್ಬಳ್ಳಿ ಛಲೋ. ಸೀದಾ ರೈಲೈತಿ, ಬುತ್ತಿ ಕೊಟ್ಟು ಕಳ್ಸಬೋದು,” ಅಂದರು ಮಾವ.

“ಮೈಸೂರು ತಂಪೈತಂತ,” ಅಂತ ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು. ಮೈಸೂರಿನ ಕಾಲೇಜು 1924ರಿಂದ ಡಾಕ್ಟರುಗಳನ್ನು ತಯಾರು ಮಾಡುತ್ತಿದೆ, ನೂರು ವರ್ಷ ದಾಟಿದೆ. ಆದರೆ ಮೇ ತಿಂಗಳಲ್ಲಿ ಬಳ್ಳಾರಿ ಗುಡ್ಡದ ಕಲ್ಲು ಕಾದು ರಾತ್ರಿಯೆಲ್ಲ ಬಿಸಿಯುಗುಳುವುದನ್ನು ಕಂಡವರಿಗೆ ಆ ನೂರು ವರ್ಷದ ಹಿರಿಮೆ ಯಾಕೆ ಬೇಕು? ಗಾಳಿ ತಂಪಾಗಿದ್ದರೆ ಕಾಲೇಜೂ ಒಳ್ಳೆಯದೇ.

“ಓದೋಳು ನಾನು,” ಅಂದಳು ಹುಡುಗಿ.

“ಹೌದವ್ವ, ಅದಕ್ಕ ನಿನ್ನ ಸಲುವಾಗೇ ನಾವು ಮಾತಾಡಾಕತ್ತೀವಿ,” ಅಂದರು ದೊಡ್ಡಪ್ಪ, ಎರಡನೆಯ ಮಿರ್ಚಿಗೆ ಕೈ ಹಾಕುತ್ತ.

ಬೆಂಗಳೂರು ಆಯಿತು, ಮೈಸೂರು ಆಯಿತು, ಹುಬ್ಬಳ್ಳಿ, ದಾವಣಗೆರೆ ಎಲ್ಲ ಆಯಿತು. ಆ ಮನೆಯಿಂದ ನಡೆದೇ ಹೋಗಬಹುದಾದ ಕಾಲೇಜಿನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. 1961ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಾಗಿ ಶುರುವಾಗಿ, ಆಮೇಲೆ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಅಂತ ಉದ್ದ ಹೆಸರಿಟ್ಟುಕೊಂಡ ನಮ್ಮ ವಿಮ್ಸ್ ಅದು. ಬೀದರಿಗೂ ರಾಯಚೂರಿಗೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು ಈ ಶತಮಾನದಲ್ಲಿ. ಅಷ್ಟು ಹೊತ್ತಿಗೆ ನಮ್ಮದರಿಂದ ಹೊರಬಿದ್ದ ಮೊದಮೊದಲ ಡಾಕ್ಟರುಗಳು ರಿಟೈರಾಗಿದ್ದರು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಕಟ್ಟಿದವರು ಯಾವ ಊರಿನವರೋ. ಮದ್ದಿನ ಕಾಲೇಜನ್ನೇ ಹಿತ್ತಲಲ್ಲಿಟ್ಟುಕೊಂಡು ಅದನ್ನು ನಿಜ ಮಾಡಿ ತೋರಿಸಿದವರು ನಾವು.

ನಾನು ಮೆಲ್ಲಗೆ ಹೆಸರು ಎತ್ತಿದೆ. ದೊಡ್ಡಪ್ಪ ನನ್ನನ್ನು ಕನಿಕರದಿಂದ ನೋಡಿದರು. “ಅಲ್ರೀ, ಅದು ಅಲ್ಲೀಪುರ ಜೈಲಿದ್ದ ಜಾಗ ಅಲ್ಲೇನ್ರೀ?”

ನಮ್ಮ ಊರಿನ ಹಿರಿಯರೂ ಹಾಗೇ ಹೇಳುತ್ತಾರೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಮದರಾಸು ಪ್ರಾಂತ್ಯದ ಎಷ್ಟೋ ಸತ್ಯಾಗ್ರಹಿಗಳನ್ನು ಅಲ್ಲೀಪುರದ ಜೈಲಿಗೆ ತಂದು ತುಂಬುತ್ತಿದ್ದರು. ಬಳ್ಳಾರಿ ಬಿಸಿಲೂ ಶಿಕ್ಷೆಯ ಒಂದು ಭಾಗ ಅಂತ ಬ್ರಿಟಿಷರು ಲೆಕ್ಕ ಹಾಕಿರಬೇಕು. “ಆಗ ಅಲ್ಲಿಗೆ ಹೋದೋರೆಲ್ಲ ದೊಡ್ಡ ಮನುಷ್ಯರಾಗೇ ಹೊರಗ ಬಂದ್ರಲ್ರೀ,” ಅಂದೆ. ಮಾವ ನಕ್ಕರು, ದೊಡ್ಡಪ್ಪ ನಗಲಿಲ್ಲ.

ಸೀಟಿನ ಜಗಳದಲ್ಲಿ ನಾವು ಕನ್ನಡದವರು ದೇಶಕ್ಕೇ ಗುರುಗಳು. ಮೆಡಿಕಲ್ ಸೀಟಿಗೆ ದುಡ್ಡು ತಗೊಳ್ಳಬಹುದೇ, ಎಷ್ಟು ತಗೊಳ್ಳಬಹುದು ಅಂತ ಸುಪ್ರೀಂ ಕೋರ್ಟು ತಲೆ ಕೆಡಿಸಿಕೊಂಡ ದೊಡ್ಡ ಕೇಸುಗಳೆಲ್ಲ ಹೆಚ್ಚುಕಮ್ಮಿ ನಮ್ಮ ರಾಜ್ಯದ ಸರಕು. ಕ್ಯಾಪಿಟೇಶನ್ ಬೇಡ ಅಂತ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತು. 1989ರಲ್ಲಿ ಸರ್ಕಾರವೇ ಖಾಸಗಿ ಕಾಲೇಜಿನ ಶುಲ್ಕದ ಪಟ್ಟಿ ಹೊರಡಿಸಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000, ಹೊರಗಿನವರಾದರೆ 60,000ದವರೆಗೆ. ಮೀರತ್‌ನ ಹುಡುಗಿಯೊಬ್ಬಳು ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿ, ಆ ಅರವತ್ತು ಸಾವಿರ ಎಲ್ಲಿಂದ ತರಲಿ ಅಂತ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ತೀರ್ಪು ಅಂತ ವಕೀಲರು ಇವತ್ತಿಗೂ ಓದುತ್ತಾರೆ. ಮರುವರ್ಷ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ನಮ್ಮ ಸಿಇಟಿ, 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಕೂತು ಕೊಟ್ಟ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು. ಮಣಿಪಾಲದಲ್ಲಿ ಶುರುವಾದ ತಕರಾರು ದೇಶದ ಕಾಲೇಜುಗಳಿಗೆಲ್ಲ ಕಾನೂನಾಯಿತು. ಆಮೇಲೆ ನೀಟ್ ಬಂತು, 2013ರಲ್ಲಿ ಬಿದ್ದುಹೋಯಿತು, 2016ರಲ್ಲಿ ಮತ್ತೆ ಎದ್ದು ಕೂತಿತು. 2017ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು. ಬಳ್ಳಾರಿಯ ಮೇ ಬಿಸಿಲಿನಲ್ಲಿ ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ, ಮೈಮೇಲೆ ಒಡವೆ ಇಲ್ಲ. ನೀಟ್‌ನವರ ಈ ನಿಯಮವೊಂದೇ ನಮ್ಮ ಹವಾಮಾನ ನೋಡಿ ಮಾಡಿದಂತಿದೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನನ್ನ ಪಾಲಿನ ಮಿರ್ಚಿ ತಟ್ಟೆಯಲ್ಲಿರಲಿಲ್ಲ.

ಕಾಗದಪತ್ರದ ಮಾತು ಬಂದಾಗ ಮಾವ ಬಿಸಿಯಾದರು. ಅವರ ಮಗನದೂ ಇದೇ ವರ್ಷ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ನೂರಕ್ಕೆ ಹದಿನೈದು. ಹತ್ತೂ ವರ್ಷ ಕನ್ನಡ ಮಾಧ್ಯಮವಾದರೆ ಅದಕ್ಕೆ ಬೇರೆ ಐದು. “ಊರು ತಾಲ್ಲೂಕಾತು, ಪುರಸಭೆ ಬಂತು ಅಂತ ನಾನೇ ಪಟಾಕಿ ಹೊಡದಿದ್ದೆ ನೋಡ್ರಿ. ಈಗ ನೋಡಿದ್ರ ನನ್ನ ಮಗ ಗ್ರಾಮೀಣ ಅಲ್ಲಂತ! ಅದೇ ಮಣ್ಣು, ಅದೇ ಎಮ್ಮಿ, ಬೋರ್ಡು ಒಂದು ಬದಲಾಗೈತಿ.” ಪುರಸಭೆ ಬಂದದ್ದಕ್ಕೆ ನೊಂದುಕೊಂಡ ಇನ್ನೊಬ್ಬ ಪುರವಾಸಿಯನ್ನು ನಾನು ಕಂಡಿಲ್ಲ.

ಆದರೆ ಎಲ್ಲರೂ ಒಂದೇ ದನಿಯಲ್ಲಿ ನಮಸ್ಕಾರ ಹಾಕುವ ಕಾಗದ ಒಂದಿದೆ, ಸಂವಿಧಾನದ 371ಜೆ ವಿಧಿಯ ಸರ್ಟಿಫಿಕೇಟ್. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು ನಮ್ಮ ಭಾಗದ ಮಕ್ಕಳಿಗೆ, ರಾಜ್ಯದ ಉಳಿದ ಕಡೆ ನೂರಕ್ಕೆ ಎಂಟು. ನಿಜ ಹೇಳಬೇಕೆಂದರೆ 1956ರವರೆಗೆ ಹೈದರಾಬಾದಿನ ಕೈಯಲ್ಲಿದ್ದ ಜಿಲ್ಲೆಗಳ ಸಾಲಿನಲ್ಲಿ ಬಳ್ಳಾರಿ ಇರಲೇ ಇಲ್ಲ. ನಿಜಾಮ ನಮ್ಮನ್ನು 1800ರಲ್ಲೇ ಕಂಪನಿಯವರಿಗೆ ಬಿಟ್ಟುಕೊಟ್ಟಿದ್ದ. ಆಮೇಲೆ ಒಂದೂವರೆ ಶತಮಾನ ಮದರಾಸಿನವರಾಗಿದ್ದು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದೆವು. ಅಷ್ಟೆಲ್ಲ ಸುತ್ತಿ ಕೊನೆಗೆ 371ಜೆ ಪಟ್ಟಿಯಲ್ಲಿ ಹೇಗೋ ಜಾಗ ಸಿಕ್ಕಿದೆ. ಅದಕ್ಕೇ ಅದನ್ನು ಇತಿಹಾಸದ ಮೇಷ್ಟ್ರ ಮುಂದೆ ಜಾಸ್ತಿ ಚರ್ಚೆ ಮಾಡಲು ಹೋಗುವುದಿಲ್ಲ. ಎಸಿ ಆಫೀಸಿನಿಂದ ಆ ಸರ್ಟಿಫಿಕೇಟ್ ತಂದ ದಿನ ಪಕ್ಕದ ಮನೆಯಲ್ಲಿ ಅದನ್ನು ದೇವರ ಮುಂದಿಟ್ಟಿದ್ದರು. ದೊಡ್ಡಪ್ಪ ಲ್ಯಾಮಿನೇಶನ್ ಮಾಡಿಸಲು ಹೊರಟಿದ್ದರಂತೆ, ಹುಡುಗಿ ಓಡಿಹೋಗಿ ಕಿತ್ತುಕೊಂಡಳು.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬಿಸುವುದು. ದಿಲ್ಲಿಯ ಎಂಸಿಸಿಯವರ ಕೌನ್ಸೆಲಿಂಗ್ ಬೇರೆ, ಅವರ ಕೈಯಲ್ಲಿ ಸರ್ಕಾರಿ ಕಾಲೇಜಿನ ನೂರಕ್ಕೆ ಹದಿನೈದು ಸೀಟು. ರಾಜ್ಯದ ಸೀಟು ಹಂಚುವ ಮಲ್ಲೇಶ್ವರದ ಕೆಇಎಯವರದು ಬೇರೆ. ಎರಡರ ತಾರೀಕುಗಳೂ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ಹುಡುಗಿ ಮನೆಯಲ್ಲಿ ನೆಟ್ ಸರಿಯಿಲ್ಲ ಅಂತ ಸೈಬರ್ ಸೆಂಟರಿಗೆ ಹೋದಳು, ಹಿಂದೆ ದೊಡ್ಡಪ್ಪ, ಅವರ ಹಿಂದೆ ಮಾವ, ಮಾವನ ಹಿಂದೆ ನಾನು. ಒಂದು ಕುರ್ಚಿ, ನಾಲ್ಕು ತಲೆ. ಎಲ್ಲ ತುಂಬಿಸಿದ ಮೇಲೆ ಪರದೆ ಒಟಿಪಿ ಕೇಳಿತು. ಒಟಿಪಿ ಹೋದದ್ದು ಅಪ್ಪನ ಮೊಬೈಲಿಗೆ. ಅಪ್ಪ ನಿಂತಿದ್ದದ್ದು ಸುಧಾ ಕ್ರಾಸಿನ ರೈಲ್ವೆ ಗೇಟಿನಲ್ಲಿ. ಎದುರಿಗೆ ಅದಿರು ತುಂಬಿದ ಗೂಡ್ಸು, ಅದಕ್ಕೆ ಕೊನೆ ಅನ್ನುವುದೇ ಇಲ್ಲ.

“ಅಪ್ಪಾಜಿ, ನಂಬರ್ ಹೇಳ್ರಿ!”

“ಯಾವ ನಂಬರು? ಗಾಡಿದಾ?”

“ಮೆಸೇಜ್ ಬಂದೈತಲ್ಲ, ಅದ್ರಾಗಿಂದು!”

“ಬಂದೈತವ್ವ. ಇದನ್ನ ಯಾರಿಗೂ ಹೇಳಬ್ಯಾಡ ಅಂತ ಬರದಾರ.”

ಕಡಿಮೆ ಮಾತಿನ ಮನುಷ್ಯ, ಹೇಳಲಿಲ್ಲ. ಗೇಟು ತೆಗೆದು, ಗಾಡಿ ತಂದು, ಎದುರಿಗೆ ನಿಂತು, ಇವಳು ತಮ್ಮ ಮಗಳೇ ಅಂತ ಖಾತ್ರಿ ಮಾಡಿಕೊಂಡು ಫೋನು ಕೈಗೆ ಕೊಡುವ ಹೊತ್ತಿಗೆ ಆ ಒಟಿಪಿಯ ಆಯಸ್ಸು ಮುಗಿದಿತ್ತು. ಹೊಸದೊಂದು ತರಿಸಿದರು.

ಪಟ್ಟಿಯಲ್ಲಿ ಕಾಲೇಜುಗಳನ್ನು ಮೇಲೆ ಕೆಳಗೆ ಮಾಡುವಾಗ ಹುಡುಗಿ ಬಳ್ಳಾರಿಯನ್ನು ಎತ್ತಿ ಮೂರನೆಯ ಸ್ಥಾನದಲ್ಲಿ ಕೂರಿಸಿದಳು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು “ಅದ್ಯಾಕ ಅಲ್ಲಿ ಬಂತು?” ಅಂದರು.

“ಹೋದ ವರ್ಷ ಅಜ್ಜಿ ಬಚ್ಚಲದಾಗ ಬಿದ್ದಾಗ ಎಲ್ಲಿಗೆ ಕರ್ಕೊಂಡು ಹೋದ್ವಿ ದೊಡ್ಡಪ್ಪ?”

“ಇಲ್ಲೇ, ವಿಮ್ಸ್‌ಗೆ.”

“ಅಜ್ಜಿಗೆ ಆಗೋ ಆಸ್ಪತ್ರಿ ಮೊಮ್ಮಗಳಿಗೆ ಆಗಂಗಿಲ್ಲ ಅಂದ್ರ ಹೆಂಗ?”

ನನಗೆ ಬೆನ್ನು ತಟ್ಟಬೇಕೆನ್ನಿಸಿತು. ಕಾಲೇಜು ಆರಿಸುವಾಗ ನಾವು ಕಟ್ಟಡ ನೋಡುತ್ತೇವೆ, ಊರು ನೋಡುತ್ತೇವೆ, ಗಾಳಿ ನೋಡುತ್ತೇವೆ, ಹೇಳಿಕೊಳ್ಳಲು ಗತ್ತು ನೋಡುತ್ತೇವೆ. ರೋಗಿಗಳನ್ನು ನೋಡುವುದಿಲ್ಲ. ಡಾಕ್ಟರಾಗಲು ಹೊರಟವರಿಗೆ ಪಾಠ ಹೇಳುವವರು ಮೇಷ್ಟ್ರುಗಳೆಷ್ಟೋ ಮಂಚದ ಮೇಲಿರುವವರೂ ಅಷ್ಟೇ. ಬೆಳಗ್ಗೆ ಒಂಬತ್ತಕ್ಕೆ ವಿಮ್ಸ್‌ನ ಹೊರರೋಗಿ ವಿಭಾಗದ ಮುಂದೆ ನಿಂತು ನೋಡಬೇಕು. ಚೀಟಿಯ ಸಾಲು, ಸಾಲಿನಲ್ಲಿ ತಮ್ಮ ಬದಲಿಗೆ ಟವೆಲ್ಲು ಇಟ್ಟು ಚಹಾಕ್ಕೆ ಹೋದವರು, ಸಂಡೂರಿನ ಗಣಿಯಿಂದ ಕೆಮ್ಮುತ್ತ ಬಂದವರು, ಜೀನ್ಸ್ ಬಣ್ಣದಿಂದ ನೀಲಿಯಾದ ಉಗುರಿನವರು, ಕೊಪ್ಪಳದ ಕಡೆಯ ಬಾಣಂತಿ, ಆಂಧ್ರದ ಆಲೂರು, ಆದೋನಿ, ರಾಯದುರ್ಗದಿಂದ ಮೊದಲ ಬಸ್ಸು ಹಿಡಿದವರು. ಬೆಂಗಳೂರಿನಿಂದ ಬಂದ ವಿದ್ಯಾರ್ಥಿ ಅಂಗರಚನೆಯ ಪುಸ್ತಕ ಮುಗಿಸುವುದಕ್ಕೆ ಮುಂಚೆ ತೆಲುಗು ಕಲಿತಿರುತ್ತಾನೆ, ಕಲಿಯದೆ ಗತಿಯಿಲ್ಲ. ಮಿರಮಿರ ಮಿಂಚುವ ಕಟ್ಟಡವಿದ್ದು ವಾರ್ಡು ಭಣಗುಡುವ ಕಾಲೇಜಿನಲ್ಲಿ ಇಷ್ಟು ಬಗೆಯ ಕೆಮ್ಮು ಎಲ್ಲಿ ಕೇಳಸಿಗುತ್ತದೆ? ಹಾಗಂತ ನಮ್ಮದು ಸ್ವರ್ಗ ಅಂತ ನಾನು ಹೇಳುವವನಲ್ಲ. ಸರ್ಕಾರಿ ಆಸ್ಪತ್ರೆಗೆ ಇರಬೇಕಾದ ಕುಂದುಕೊರತೆ ಎಲ್ಲ ಇದ್ದೇ ಇದೆ, ಅವುಗಳ ನಡುವೆಯೇ ಕೈ ಪಳಗುವುದು.

ದುಡ್ಡಿನ ಮಾತನ್ನು ನೆಂಟರ ಮುಂದೆ ಯಾರೂ ಎತ್ತಲಿಲ್ಲ, ಆದರೆ ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕುರ್ಚಿಯಲ್ಲಿ ಕೂತಿದ್ದದ್ದು ಅದೇ. ಸರ್ಕಾರಿ ಸೀಟಾದರೆ ವರ್ಷಕ್ಕೆ ಸಾವಿರದ ಲೆಕ್ಕ, ಖಾಸಗಿ ಕಾಲೇಜಿನ ಸ್ವಂತ ಕೋಟಾ ಆದರೆ ಲಕ್ಷಗಳ ಲೆಕ್ಕ, ಎನ್‌ಆರ್‌ಐ ಕೋಟಾದ ಲೆಕ್ಕ ಮಾಡಲು ಅಮೆರಿಕದಲ್ಲೊಬ್ಬ ಚಿಕ್ಕಪ್ಪ ಬೇಕು. ಆ ಲಕ್ಷಗಳಿಗೆ ಹೆದರಿ ಉಕ್ರೇನಿಗೆ ಹೋದ ನಮ್ಮ ರಾಜ್ಯದ ಮಕ್ಕಳು 2022ರಲ್ಲಿ ಖಾರ್ಕೀವ್‌ನ ನೆಲಮಾಳಿಗೆಗಳಿಂದ ಮನೆಗೆ ಫೋನು ಮಾಡುತ್ತಿದ್ದರು. ಆ ವರ್ಷ ಈ ವಿಷಯದಲ್ಲಿ ಹರಟೆ ಹೊಡೆಯಲು ಯಾರಿಗೂ ಮನಸ್ಸಿರಲಿಲ್ಲ.

ಎಂಬಿಬಿಎಸ್ ತಪ್ಪಿದರೆ ನೀಟ್ ರ್ಯಾಂಕಿನಲ್ಲೇ ಆಯುರ್ವೇದ ಇದೆ, ನಮ್ಮೂರಲ್ಲೇ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜು ಇದೆ ಅಂತ ಮಾವ ನೆನಪಿಸಿದರು. ತುಂಗಭದ್ರಾ ತೀರದಲ್ಲಿ ಪ್ರೇಮಾಯತನ ಕಟ್ಟಿ, ಔಷಧಿ ಕೊಟ್ಟು, ನಾಟಕ ಬರೆದು, ಸಂಗೀತ ಸವಿದ ಪಂಡಿತ ತಾರಾನಾಥರ ಹೆಸರು ಅದಕ್ಕೆ. ಸರೋದ್‌ನ ರಾಜೀವ ತಾರಾನಾಥರ ತಂದೆ. ಅವರಿಗೆ ನೀಟ್ ಬರೆಸಿದ್ದರೆ ಯಾವ ಸೆಕ್ಷನ್‌ನಲ್ಲಿ ಎಷ್ಟು ಬರುತ್ತಿತ್ತೋ ಅಂತ ನನಗೆ ಆಗಾಗ ಅನ್ನಿಸುವುದುಂಟು.

ಅಣಕು ಹಂಚಿಕೆ ಬಂತು, ಹೋಯಿತು. ನಿಜವಾದ ಹಂಚಿಕೆಯಲ್ಲಿ ಬಳ್ಳಾರಿ ಬಂತು. ಮತ್ತೆ ಸಭೆ, ಮತ್ತೆ ಮಿರ್ಚಿ. ಯಾಕೆಂದರೆ ಸೀಟು ಸಿಕ್ಕಮಾತ್ರಕ್ಕೆ ಮುಗಿಯುವುದಿಲ್ಲ, ಕೆಇಎಯವರು ನಾಲ್ಕು ಚಾಯ್ಸು ಕೊಡುತ್ತಾರೆ. ಅವರ ಕಚೇರಿಯಲ್ಲಿ ಯಾರೋ ಶಾಸ್ತ್ರ ಓದಿದವರಿದ್ದಾರೆ, ನಾಲ್ಕಕ್ಕೆ ನಾಲ್ಕೂ ಪುರುಷಾರ್ಥಗಳೇ. ಒಂದನೆಯದು, ಸಿಕ್ಕಿದ್ದು ಸಾಕು, ಹೋಗಿ ಸೇರುತ್ತೇನೆ: ಧರ್ಮ. ಎರಡನೆಯದು, ಇದೂ ಇರಲಿ, ದುಡ್ಡು ಕಟ್ಟಿರುತ್ತೇನೆ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದಿರಲಿ: ಅರ್ಥ. ಮೂರನೆಯದು, ಇದು ಬೇಡವೇ ಬೇಡ, ಇದಕ್ಕಿಂತ ಚೆಂದದ್ದು ಬೇಕು: ಕಾಮ. ನಾಲ್ಕನೆಯದು, ನನಗೆ ಈ ಕೌನ್ಸೆಲಿಂಗೇ ಬೇಡ: ಮೋಕ್ಷ. ಸಾಕಷ್ಟು ಅಪ್ಪಂದಿರು ಎರಡನೆಯದರಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಾರೆ. ಮೂರು ಒತ್ತಿ ಕೈಯಲ್ಲಿದ್ದದ್ದನ್ನು ಕಳಕೊಂಡವರ ಕಥೆ ಪ್ರತಿ ಓಣಿಯಲ್ಲೂ ಒಂದಿರುತ್ತದೆ.

ದೊಡ್ಡಪ್ಪ ಎರಡು ಅಂದರು. ಮಾವ ಧೈರ್ಯವಂತರು, ಮೂರು ಅಂದರು. ಅತ್ತೆ ಬೆರಳು ಮಡಚಿ ಬೇರೆಯೇ ಲೆಕ್ಕ ಹಾಕುತ್ತಿದ್ದರು: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಅದರ ಮೇಲೆ ಸರ್ಕಾರ ಕರೆದರೆ 2012ರ ಕಾಯ್ದೆಯ ಪ್ರಕಾರ ಒಂದು ವರ್ಷ ಸರ್ಕಾರಿ ಸೇವೆ, ಆಮೇಲೆ ಪಿಜಿ. “ಲಗ್ನ ಯಾವಾಗ ಮಾಡೋದು?” ಇದಕ್ಕೆ ಕೆಇಎಯ ಕೈಪಿಡಿ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ವಾದ ಏರಿತು. ದೊಡ್ಡಪ್ಪ ಸಿರುಗುಪ್ಪಕ್ಕೆ ಈಗಲೇ ಹೊರಟೆ ಅಂತ ಎದ್ದರು, ಬಿಸಿ ತಟ್ಟೆ ಬಂದದ್ದು ನೋಡಿ ಕೂತರು.

“ಒಂದು ಒತ್ತೀನಿ,” ಅಂದಳು ಹುಡುಗಿ ಬಾಗಿಲಲ್ಲಿ ನಿಂತು.

“ಯಾವಾಗ?”

“ನೀವು ಎರಡೋ ಮೂರೋ ಅಂತಿದ್ರಲ್ಲ, ಆವಾಗ. ಅಪ್ಪಾಜಿ ಒಟಿಪಿ ಹೇಳಿದ್ರು.”

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅವರು ಒಗ್ಗರಣೆಗೆ ಈರುಳ್ಳಿ ಉದುರಿಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ದೊಡ್ಡಪ್ಪನೇ ಸೋಲನ್ನು ಲಾಭದ ಲೆಕ್ಕಕ್ಕೆ ಬರೆದುಕೊಂಡರು.

“ಹೋಗ್ಲಿ ಬಿಡು, ಒಂದು ಛಲೋ ಆತು. ಹಾಸ್ಟೆಲ್ ಖರ್ಚು ಉಳೀತು. ಮನಿ ಗೇಟು ದಾಟಿದ್ರ ಕಾಲೇಜು.”

“ಹಾಸ್ಟೆಲ್ಲಿಗೂ ಅರ್ಜಿ ಹಾಕೀನಿ ದೊಡ್ಡಪ್ಪ.”

“ಹಾಸ್ಟೆಲ್ಲಾ? ಇದ್ದೂರಾಗ ಹಾಸ್ಟೆಲ್ ಯಾಕವ್ವ? ಇಲ್ಲೇ ನಾವೆಲ್ಲ ಬಂದು ಹೋಗಿ ಮಾಡ್ತಿರ್ತೀವಲ್ಲ!”

“ಹೌದು ದೊಡ್ಡಪ್ಪ, ಅದಕ್ಕೇ.”